ಭಾಗ್ಯಮ್ಮನವರ ಮುಂದಿನ ಸೀಟು

ಭಾಗ್ಯಮ್ಮನವರಿಗೆ ಗಂಡನ ಹಿಂದಲೆ ಗೊತ್ತಿರುವಷ್ಟು ಚೆನ್ನಾಗಿ ಗಂಡನ ಮುಖ ಗೊತ್ತಿದೆಯೋ ಇಲ್ಲವೋ, ಹೇಳುವುದು ಕಷ್ಟ. ಬಲಗಿವಿಯ ಹಿಂದೆ ಒಂದು ಮಚ್ಚೆ, ಕತ್ತಿನ ಮೇಲೆ ಎರಡು ಗೆರೆ, ಕೂದಲು ಮೊದಲು ಬೆಳ್ಳಗಾದದ್ದು ಎಡಗಡೆ, ಆಮೇಲೆ ನಡುನೆತ್ತಿ ಬರಿದಾದದ್ದು, ಇಷ್ಟೂ ಅವರಿಗೆ ಬಾಯಿಪಾಠ. ಆಗದೆ ಇನ್ನೇನು? ಮದುವೆಯಾಗಿ ಮೂವತ್ತಾರು ವರ್ಷ. ಮನೆಗೆ ಯಾವ ಗಾಡಿ ಬಂದರೂ ಓಡಿಸುವವರು ಲಕ್ಷ್ಮಯ್ಯನವರು, ಅವರ ಬೆನ್ನ ಹಿಂದೆ ಕೂರುವವರು ಭಾಗ್ಯಮ್ಮನವರು.

ಸರ್ಜಾಪುರದಾಚೆಯ ದೊಡ್ಡಗುಂಡನಹಳ್ಳಿಯಲ್ಲಿ ಇದನ್ನು ಯಾರೂ ಒಂದು ಅನ್ಯಾಯವೆಂದು ಎಣಿಸಿದವರಲ್ಲ. ಮೊದಲು ಬಂದದ್ದು ಟ್ರ್ಯಾಕ್ಟರು. ಹೊಸ ಸೊಸೆಗೆ ಟ್ರೈಲರಿನಲ್ಲಿ, ರಾಗಿ ಮೂಟೆಯ ಮೇಲೆ ಜಾಗ. ಆಮೇಲೆ ಬಂದದ್ದು ಹಳೆಯ ಅಂಬಾಸಿಡರ್ ಕಾರು. ಮುಂದಿನ ಸೀಟು ಮಾವನವರದ್ದು, ಅದರಲ್ಲಿ ಮಾತೇ ಇಲ್ಲ. ಮಾವನವರು ತೀರಿಕೊಂಡ ಮೇಲಾದರೂ ಆ ಸೀಟು ಖಾಲಿಯಾಗಬೇಕಿತ್ತಲ್ಲ? ಎಲ್ಲಿ ಬಂತು! ಅತ್ತೆ ವೆಂಕಟಮ್ಮನವರಿಗೆ ಹಿಂದೆ ಕೂತರೆ ವಾಂತಿ ಬರುತ್ತದೆ ಎಂಬುದು ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋಗುವಾಗಲೇ ಗೊತ್ತಾಯಿತು. ಅದಕ್ಕೆ ಮೊದಲು ಎಂಟು ವರ್ಷ ಹಿಂದೆ ಕೂತಾಗ ಬಾರದ ವಾಂತಿ! ಅವರೂ ಹೋದ ಮೇಲೆ ಮನೆಗೆ ಏಳು ಸೀಟಿನ ದೊಡ್ಡ ಗಾಡಿ ಬಂತು. ಅಷ್ಟರಲ್ಲಿ ಮಗ ದೀಪು ದೊಡ್ಡವನಾಗಿದ್ದ. ಫೋನಿನಲ್ಲಿ ಮ್ಯಾಪು ನೋಡಿ ದಾರಿ ಹೇಳಲು ಮುಂದೆ ಅವನೇ ಬೇಕು. ಹುಟ್ಟಿದ ಊರಿನಿಂದ ಸರ್ಜಾಪುರಕ್ಕೆ ಹೋಗಲು ಯಾವ ಮ್ಯಾಪು ಬೇಕೋ, ದೇವರಿಗೇ ಗೊತ್ತು. ಭಾಗ್ಯಮ್ಮನವರು ಎಂದಿನಂತೆ ಹಿಂದೆ. ಮಡಿಲಲ್ಲಿ ಪುಳಿಯೋಗರೆ ಡಬ್ಬಿ, ಕಾಲ ಬಳಿ ನೀರಿನ ಕ್ಯಾನು, ಭುಜದ ಮೇಲೆ ನಿದ್ದೆಹೋದ ಯಾರದೋ ಮಗು.

ಮುಂದೆ ಕೂರಬೇಕೆಂಬ ಆಸೆ ಇರಲಿಲ್ಲವೇ ಅಂತೀರಾ? ಇತ್ತು. ರಸ್ತೆ ಎದುರಿನಿಂದ ಬರುವುದನ್ನು ನೋಡಬೇಕು, ಪಕ್ಕಕ್ಕೆ ಸರಿದು ಹೋದ ಮೇಲಲ್ಲ, ಎಂಬುದು ಅವರ ಬಹಳ ದಿನದ ಬಯಕೆ. ಆದರೆ ಬಾಯಿಬಿಟ್ಟು ಕೇಳುವ ಹೆಂಗಸಲ್ಲ. ಮನೆಯಲ್ಲಿ ಐದು ಅಂತಸ್ತಿನ ಪಿ.ಜಿ. ಹಾಸ್ಟೆಲು ನಡೆಸುತ್ತಾರೆ, ನೂರಿಪ್ಪತ್ತು ಹುಡುಗಿಯರನ್ನು ಕಣ್ಣಲ್ಲೇ ಹೆದರಿಸುತ್ತಾರೆ, ನೀರಿನ ಟ್ಯಾಂಕರಿನವನು ಇವರ ದನಿ ಕೇಳಿದರೆ ರಿವರ್ಸ್ ಹಾಕುತ್ತಾನೆ. ಆದರೆ ಗಂಡನ ಹತ್ತಿರ ಒಂದು ಸೀಟು ಕೇಳಲು ಮಾತ್ರ ನಾಲಿಗೆ ಏಳದು. ಕೇಳಿ ಪಡೆದರೆ ಅದರಲ್ಲೇನು ಸುಖ ಎಂಬ ಬಿಂಕ ಬೇರೆ.

ಇನ್ನು ಲಕ್ಷ್ಮಯ್ಯನವರ ಚಾಲನೆಯ ವಿಷಯ. ಅವರ ಗಾಡಿಯಲ್ಲಿ ಒಳಗಿನ ಕನ್ನಡಿ ಯಾವತ್ತೂ ಸರಿಯಾಗಿ ಇದ್ದದ್ದಿಲ್ಲ. ಕೆಳಕ್ಕೆ ಬಾಗಿರುತ್ತಿತ್ತು. ಮಗ ಸರಿಮಾಡಿದರೆ ಐದು ನಿಮಿಷದಲ್ಲಿ ಮತ್ತೆ ಕೆಳಕ್ಕೆ. "ಅಪ್ಪಾ, ಮಿರರ್ ಇರೋದು ಹಿಂದಿನ ರೋಡ್ ನೋಡೋಕೆ, ಸೀಟ್ ಕವರ್ ನೋಡೋಕಲ್ಲ" ಎಂದು ದೀಪು ಸಾವಿರ ಸಲ ಹೇಳಿ ಸುಸ್ತಾಗಿದ್ದ. ಹಿಂದಿನ ಲಾರಿಯವರು ಹಾರ್ನ್ ಹೊಡೆದು ಸುಸ್ತಾಗಿದ್ದರು. ಒಮ್ಮೆಯಂತೂ ಹಾಡಹಗಲಲ್ಲೇ ಗಾಡಿ ಹಿಂದಕ್ಕೆ ತೆಗೆಯಲು ಹೋಗಿ ಹಾಲಿನ ಡೈರಿಯ ನೀರಿನ ತೊಟ್ಟಿಗೆ ಗುದ್ದಿ, ತೊಟ್ಟಿಯನ್ನು ಎರಡು ಹೋಳು ಮಾಡಿದ್ದರು. ಯಾಕೆ ಹೀಗೆ ಎಂದರೆ ಊರಿನವರ ಬಳಿ ಉತ್ತರ ಸಿದ್ಧವಿತ್ತು. ಲಕ್ಷ್ಮಯ್ಯನಿಗೆ ತನ್ನ ಮೀಸೆಯ ಮೇಲೆ ಮೋಹ, ಅದನ್ನು ನೋಡಿಕೊಳ್ಳಲು ಕನ್ನಡಿ ಬಗ್ಗಿಸಿಕೊಳ್ಳುತ್ತಾನೆ. ಮದುವೆಯಾದ ತಿಂಗಳಿಗೇ ಟ್ರ್ಯಾಕ್ಟರಿನ ಮಡ್‌ಗಾರ್ಡಿಗೆ ಕ್ಷೌರದಂಗಡಿಯ ದುಂಡು ಕನ್ನಡಿ ಕಟ್ಟಿಸಿದ ಆಸಾಮಿ ಎಂದರೆ ಇನ್ನು ಬೇರೆ ಸಾಕ್ಷಿ ಯಾಕೆ? ಭಾಗ್ಯಮ್ಮನವರೂ ಅದನ್ನೇ ನಂಬಿದ್ದರು. ಮೀಸೆ ಚೆನ್ನಾಗಿಯೇ ಇತ್ತು, ಅದೊಂದು ಸಮಾಧಾನ.

ಹೀಗಿರುವಾಗ ಬಂತು ಸ್ಪೋರ್ಟ್ಸ್ ಕಾರು.

ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟಿನ ಮಲ್ಲಿಕ್, ದಾವಣಗೆರೆ ಕಡೆಯವನು, ಆಸೆಪಟ್ಟು ಕೊಂಡಿದ್ದ ಕಾರು ಅದು. "ಮದುವಿ ಆದಾಗ ತಗೊಂಡಿದ್ದೆ ಸಾರ್, ಈಗ ಮಕ್ಕಳು ಎರಡು, ಸೀಟೂ ಎರಡೇ. ನಮ್ಮ ಹೇಮಲತಾ ಒಂದು ಮಾತು ಕೇಳಿದ್ಲು, ಕಾರ್ ಇಟ್ಕೋತೀರೋ, ನಮ್ಮನ್ನ ಇಟ್ಕೋತೀರೋ ಅಂತ" ಎಂದು ಅವನು ಹಲುಬಿದ. ಲಕ್ಷ್ಮಯ್ಯನವರು ಮರುಮಾತಿಲ್ಲದೆ ಕೊಂಡುಬಿಟ್ಟರು. ಅರವತ್ತೊಂದನೆಯ ವಯಸ್ಸಿನಲ್ಲಿ, ಅರಿಶಿನ ಬಣ್ಣದ, ನೆಲಕ್ಕೆ ಹೊಟ್ಟೆ ತಾಗುವ ಗಾಡಿ. ಕಾರು ಸಾಗಿಸುವ ಲಾರಿಯ ಮೇಲೆ ಕೂತು ಅದು ಊರಿಗೆ ಬಂತು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ಕುಂಬಳಕಾಯಿ ಒಡೆದು ಮನೆ ತುಂಬಿಸಿಕೊಂಡರು.

ಪೂಜೆಗೆ ಆರತಿ ತಟ್ಟೆ ಹಿಡಿದು ಬಂದ ಭಾಗ್ಯಮ್ಮನವರು ಬಗ್ಗಿ ಒಳಗೆ ಇಣುಕಿದರು. ಒಂದು ಸೀಟು. ಇನ್ನೊಂದು ಸೀಟು. ಅದರ ಹಿಂದೆ ಒಂದು ಗೇಣು ಅಗಲದ ಹಲಗೆಯಂಥ ಜಾಗ, ಆಮೇಲೆ ಗಾಜು. ಮುಗಿಯಿತು. ಇನ್ನೊಮ್ಮೆ ಇಣುಕಿದರು. ಹಿಂದಿನ ಸೀಟೇ ಇಲ್ಲ! ಹಿಂದೆ ಕೂರಿಸಲು ಜಾಗವೇ ಇಲ್ಲದ ಕಾರು ತಂದಿದ್ದಾರೆ ಎಂದರೆ ಏನರ್ಥ? ಆರತಿಯನ್ನು ಒಂದು ಸುತ್ತು ಹೆಚ್ಚಾಗಿಯೇ ಎತ್ತಿದರು.

ಅರ್ಥ ಸಾಯಂಕಾಲವೇ ತಿಳಿಯಿತು. ಅರಳೀಕಟ್ಟೆಯ ಮೇಲೆ ಕೂತು ಲಕ್ಷ್ಮಯ್ಯನವರು ಡಂಗುರ ಹೊಡೆದಂತೆ ಘೋಷಿಸಿದರು: "ನಾನೂ ಚಿಕ್ಕಮುನಿಯಪ್ಪನೂ ಇದರಾಗೆ ದ್ವಾರಕೆಗೆ ಓಗ್ಬುಟ್ಟು ಬತ್ತೀವಿ."

ಚಿಕ್ಕಮುನಿಯಪ್ಪ ಅವರ ಬಾಲ್ಯದ ಗೆಳೆಯ. ಇಪ್ಪತ್ತನೆಯ ವಯಸ್ಸಿನಲ್ಲಿ ಇಬ್ಬರೂ ಕ್ಷೌರದಂಗಡಿಯ ಕ್ಯಾಲೆಂಡರಿನಲ್ಲಿ ದ್ವಾರಕೆಯ ಗುಡಿಯನ್ನು, ಅದರ ಪಕ್ಕದ ಸಮುದ್ರವನ್ನು ನೋಡಿ, ಒಂದು ದಿನ ಒಟ್ಟಿಗೆ ಹೋಗಬೇಕೆಂದು ಮಾತಾಡಿಕೊಂಡಿದ್ದರಂತೆ. ಆಗ ಅವನು ಕಡ್ಡಿಯಂತಿದ್ದ. ಈಗ ಮದುವೆ ಛತ್ರದ ಮಾಲೀಕ, ವಾರಕ್ಕೆ ನಾಲ್ಕು ಮದುವೆಯ ಊಟ, ತೂಕ ನೂರಹದಿನೈದು ಕಿಲೋ. ಹಳೆಯ ಮಾತು ಮಾತ್ರ ಇನ್ನೂ ಊರ್ಜಿತದಲ್ಲಿತ್ತು. ಭಾಗ್ಯಮ್ಮನವರು ಆ ರಾತ್ರಿ ಸಾರಿಗೆ ಉಪ್ಪು ಹಾಕಲಿಲ್ಲ. ಲಕ್ಷ್ಮಯ್ಯನವರು ಉಪ್ಪು ಕೇಳಲೂ ಇಲ್ಲ, ಉಂಡು ಎದ್ದರು. ಗಂಡಸರಿಗೆ ಯಾವುದು ಯಾವಾಗ ಗೊತ್ತಾಗುತ್ತದೆ ಹೇಳಿ!

ಆದರೆ ದ್ವಾರಕೆ ಹಾಗೆ ಸುಲಭಕ್ಕೆ ಸಿಗಲಿಲ್ಲ. ಅಡ್ಡ ಬಂದದ್ದು ರಸ್ತೆಯ ಹಂಪ್ಸು. ಲಕ್ಷ್ಮಯ್ಯನವರ ಮನೆಯ ಗೇಟಿನಿಂದ ಮುಖ್ಯರಸ್ತೆಗೆ ಒಂದೂವರೆ ಕಿಲೋಮೀಟರು, ಅದರಲ್ಲಿ ಹನ್ನೊಂದು ಹಂಪ್ಸು. ಹನ್ನೊಂದನ್ನೂ ಹಾಕಿಸಿದವರು ಯಾರು? ಆಗ ಪಂಚಾಯ್ತಿ ಮೆಂಬರಾಗಿದ್ದ ಸಾಕ್ಷಾತ್ ಲಕ್ಷ್ಮಯ್ಯನವರೇ! ಟ್ರಾಫಿಕ್ ತಪ್ಪಿಸಿಕೊಳ್ಳಲು ಆಫೀಸಿನವರು ಊರೊಳಗಿನಿಂದ ಬರ್‍ರೆಂದು ಕಾರು ಬಿಡುತ್ತಿದ್ದ ಕಾಲ ಅದು. ಮೊದಲನೆಯ ಹಂಪು ಭಾಗ್ಯಮ್ಮನವರ ಎರಡು ನಾಟಿ ಕೋಳಿಗಳ ಸ್ಮಾರಕ. ಅವು ಚಕ್ರಕ್ಕೆ ಸಿಕ್ಕ ದಿನ ಅವರು ಗಂಡನಿಗೆ ಮಾಡಿದ ಮಂಗಳಾರತಿಯ ಫಲ. ಆಮೇಲೆ ಲಕ್ಷ್ಮಯ್ಯನವರಿಗೆ ಅದೇ ಒಂದು ಹುಚ್ಚಾಯಿತು. ಶಾಲೆಗೊಂದು, ಡೈರಿಗೊಂದು, ಮಾರಮ್ಮನಿಗೊಂದು, ಯಾರು ಕೇಳಿದರೂ ಒಂದು. ಎತ್ತರಕ್ಕೆ ಯಾವ ಇಂಜಿನಿಯರನ ಮಾತೂ ಕೇಳಲಿಲ್ಲ. "ತಟ್ಟೆ ಮ್ಯಾಲೆ ಮುದ್ದೆ ಇಟ್ಟಂಗಿರ್ಬೇಕು, ಅಂಗಿದ್ರೇನೇ ಈ ನನ್ಮಕ್ಳು ನಿಧಾನಕ್ಕೆ ಓಗೋದು" ಎಂದು ನಿಂತು ಹಾಕಿಸಿದ್ದರು.

ಲಾರಿಯ ಮೇಲೆ ಬಂದ ಕಾರಿಗೆ ಇದು ಗೊತ್ತಿರಲಿಲ್ಲ. ಇಳಿದ ಮೇಲೆ ಗೊತ್ತಾಯಿತು. ಮೊದಲ ಹಂಪಿನ ಮೇಲೆ ಅದರ ಹೊಟ್ಟೆ ಉಜ್ಜಿದ ಸದ್ದಿಗೆ ಪಿ.ಜಿ. ಹುಡುಗಿಯರೆಲ್ಲ ಬಾಲ್ಕನಿಗೆ ಬಂದರು. ಅಂದಿನಿಂದ ಐದು ತಿಂಗಳು ಕಾರು ಶೆಡ್ಡಿನಲ್ಲೇ ಉಳಿಯಿತು, ಸೀಮೆಹಸುವಿನ ಪಕ್ಕದಲ್ಲಿ. ಲಕ್ಷ್ಮಯ್ಯನವರು ದಿನಾ ಬೆಳಗ್ಗೆ ಅದನ್ನು ಅಂಗಳದಲ್ಲಿ ಇಪ್ಪತ್ತು ಹೆಜ್ಜೆ ಮುಂದೆ, ಇಪ್ಪತ್ತು ಹೆಜ್ಜೆ ಹಿಂದೆ ಓಡಿಸಿ, ಒರೆಸಿ, ಹೊದಿಕೆ ಹೊದೆಸುತ್ತಿದ್ದರು. ಅದರ ಗರ್ಜನೆಗೆ ಹಸು ಹಾಲು ಕಡಿಮೆ ಮಾಡಿತು ಎಂದು ಭಾಗ್ಯಮ್ಮನವರು ಗೊಣಗುತ್ತಿದ್ದರು. ಹಂಪ್ಸು ಒಡೆಸಿಬಿಡು ಎಂದವರ ಮೇಲೆ ಲಕ್ಷ್ಮಯ್ಯನವರು ಹರಿಹಾಯುತ್ತಿದ್ದರು. ಹಾಕಿಸಿದ ಕೈಯಿಂದ ಒಡೆಸಿದರೆ ಊರು ನಗುವುದಿಲ್ಲವೇ? ಊರು ಆಗಲೇ ನಗುತ್ತಿತ್ತು, ಅದು ಬೇರೆ ಮಾತು.

ಕೊನೆಗೆ ಲಕ್ಷ್ಮಯ್ಯನವರೇ ಒಂದು ಉಪಾಯ ಕಂಡುಹಿಡಿದರು. ಒಬ್ಬರೇ ಕೂತು, ಗಾಡಿಯನ್ನು ಓರೆಯಾಗಿ ತಂದು, ಒಂದೊಂದೇ ಚಕ್ರ ಹತ್ತಿಸಿದರೆ ಹೊಟ್ಟೆ ಒಂದು ಬೆರಳಿನಷ್ಟು ಅಂತರದಲ್ಲಿ ಪಾರಾಗುತ್ತದೆ. ಪಕ್ಕದಲ್ಲಿ ಕೂತವನು ಹಂಪು ಬಂದಾಗಲೆಲ್ಲ ಇಳಿಯಬೇಕು, ಅಷ್ಟೇ. ಮಾಘ ಮಾಸದ ಒಂದು ಸೋಮವಾರ ಹೊರಡುವುದೆಂದು ನಿಶ್ಚಯವಾಯಿತು.

ಬ್ಯಾಗು ತುಂಬಿದವರು ಭಾಗ್ಯಮ್ಮನವರೇ. ಕಾರಿನಲ್ಲಿ ಸಾಮಾನಿಗೆ ಜಾಗವೇ ಇಲ್ಲವೆಂದು ಒಂದೇ ಬ್ಯಾಗು. ಅಂಗಿ, ಪಂಚೆ, ಬಿ.ಪಿ. ಮಾತ್ರೆ, ನಿಪ್ಪಟ್ಟು, ಚಕ್ಕುಲಿ. ಉಪ್ಪಿನಕಾಯಿ ಬಾಟಲಿ ಒಡೆಯಬಾರದಲ್ಲ? ಅದನ್ನು ಸುತ್ತಲು ಏನಾದರೂ ಬಟ್ಟೆ ಬೇಕಲ್ಲ? ಬೀರುವಿನಿಂದ ಹಸಿರು ರೇಷ್ಮೆ ಸೀರೆ ತೆಗೆದು ಸುತ್ತಿದರು. ಇನ್ನೊಂದು ನೂಲಿನ ಸೀರೆಯನ್ನು ಅಡಿಯಲ್ಲಿ ಹಾಸಿದರು. ಎರಡಕ್ಕೂ ಒಪ್ಪುವ ರವಿಕೆಗಳನ್ನು ಸಂದಿಯಲ್ಲಿ ತುರುಕಿದರು. ಉಪ್ಪಿನಕಾಯಿಗೆ ರವಿಕೆ ಯಾಕೆ ಎಂದು ತಮ್ಮನ್ನು ತಾವೇ ಕೇಳಿಕೊಳ್ಳಲಿಲ್ಲ. ಮನಸ್ಸಿಗೆ ಸಮಾಧಾನ ಬೇಕಿತ್ತು, ಅಷ್ಟೇ. ಗಂಡ ಕೊನೆಯ ಗಳಿಗೆಯಲ್ಲಿ "ಬಾರೆ" ಎನ್ನಬಹುದು. ಎಂದರೆ, ಸೀರೆ ಮಡಿಸಿಕೊಂಡು ಕೂರಲು ಹೊತ್ತೆಲ್ಲಿ?

ಸೋಮವಾರ ಬೆಳಗ್ಗೆ ಗಂಡ "ಬಾರೆ" ಎನ್ನಲಿಲ್ಲ. "ಹಸು ನೋಡ್ಕೋ, ಬೋರ್ ಆಫ್ ಮಾಡೋದು ಮರೀಬ್ಯಾಡ" ಎಂದರು. ಚಿಕ್ಕಮುನಿಯಪ್ಪ ತಂಪು ಕನ್ನಡಕ ಹಾಕಿಕೊಂಡು ಬಂದ. ಕೂರಿಸಲು ಇಬ್ಬರು ಬೇಕಾಯಿತು. ಬ್ಯಾಗು ಅವನ ತೊಡೆಯ ಮೇಲೆ. ಭಾಗ್ಯಮ್ಮನವರು ಆರತಿ ಎತ್ತಿ, ಊರ ಗಡಿಯವರೆಗೆ ಕಳಿಸಿಬರಲು ಹಿಂದೆಯೇ ನಡೆದು ಹೊರಟರು. ಕಣ್ಣು ಉರಿಯುತ್ತಿತ್ತು. ಕರ್ಪೂರದ ಹೊಗೆ ಎಂದುಕೊಂಡರು.

ಗಂಟೆಗೆ ಇನ್ನೂರೈವತ್ತು ಕಿಲೋಮೀಟರು ಓಡುವ ಕಾರು ಭಾಗ್ಯಮ್ಮನವರ ನಡಿಗೆಗಿಂತ ನಿಧಾನವಾಗಿ ಹೋಯಿತು. ಮೊದಲ ಹಂಪು: ಗಂಡ ಹೆಂಡತಿ ಸೇರಿ ಚಿಕ್ಕಮುನಿಯಪ್ಪನನ್ನು ಎರಡೂ ಕೈ ಹಿಡಿದು ಎಳೆದು ಇಳಿಸಿದರು, ಕಾರು ದಾಟಿತು, ಮತ್ತೆ ಅವನನ್ನು ಒಳಗೆ ಇಳಿಬಿಟ್ಟರು. ಎರಡನೆಯ ಹಂಪು, ಅದೇ ಕಥೆ. ಮೂರನೆಯದಕ್ಕೆ ಅವನ ಕನ್ನಡಕ ಬಿತ್ತು, ಉಸಿರು ಮೇಲೆ ಬಂತು. ನಾಲ್ಕನೆಯದು ಡೈರಿಯ ಮುಂದೆ, ಊರಿನಲ್ಲೇ ದೊಡ್ಡದು. ಅಲ್ಲಿ ಇಳಿದವನು ಬ್ಯಾಗನ್ನು ಅಪ್ಪಿಕೊಂಡು ಹಂಪಿನ ಮೇಲೆಯೇ ಕೂತುಬಿಟ್ಟ.

"ನಂಕೈಲಾಗಲ್ಲ ಕಣೋ ಲಕ್ಷ್ಮಯ್ಯ. ಮಂಡಿ ಓಯ್ತು. ಒಂದ್ ಗುಟುಕು ನೀರ್ ಕುಡೀತೀನಿ ತಡಿ" ಎಂದು ಬ್ಯಾಗಿನ ಜಿಪ್ಪು ಎಳೆದ. ನೀರಿನ ಬಾಟಲಿ ಹುಡುಕುತ್ತಾ ಉಪ್ಪಿನಕಾಯಿ ಬಾಟಲಿಗೆ ಕೈ ಹಾಕಿದ. ಸುತ್ತಿದ ಬಟ್ಟೆ ಎಳೆದಂತೆಲ್ಲ ಬಂತು. ಹಸಿರು, ಮತ್ತೂ ಹಸಿರು, ಆಮೇಲೆ ಜರಿಯ ಅಂಚು. ಹಾಲು ಹಾಕಲು ಬಂದವರೆಲ್ಲ ಕ್ಯಾನು ಕೆಳಗಿಟ್ಟರು.

"ಲೋ, ದ್ವಾರಕೇಲಿ ಸೀರೆ ಉಡಾಕೆ ಒಂಟಿದ್ಯೇನೋ ನೀನು?" ಎಂದ ಚಿಕ್ಕಮುನಿಯಪ್ಪ.

ಲಕ್ಷ್ಮಯ್ಯನವರು ಸೀರೆ ನೋಡಿದರು. ಹಿಂದೆ ನಿಂತಿದ್ದ ಹೆಂಡತಿಯನ್ನು ನೋಡಿದರು. ಭಾಗ್ಯಮ್ಮನವರು ಡೈರಿಯ ಗೋಡೆ ನೋಡುತ್ತಿದ್ದರು. ಕಿವಿಯ ತುದಿಯವರೆಗೆ ಕೆಂಪಾಗಿದ್ದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತ್ತು ಪಾಪ.

"ಬಾಟ್ಲಿ ಒಡೀಬಾರ್ದು ಅಂತ..." ಎಂದರು.

ಚಿಕ್ಕಮುನಿಯಪ್ಪ ದಪ್ಪ, ದಡ್ಡನಲ್ಲ. ಒಂದು ರವಿಕೆಯ ತೋಳು ಕಂಡಿತು, ಬಾಯಿ ಮುಚ್ಚಿಕೊಂಡ. ಸೀರೆಯನ್ನು ಮಡಿಸಲು ಬಾರದೆ ಉಂಡೆ ಮಾಡಿ ಬ್ಯಾಗಿಗೆ ಹಾಕಿದ. "ತಂಗೀ, ನನ್ನ ಕೈ ಹಿಡಿದು ಎಬ್ಬಿಸ್ಬ್ಯಾಡ, ನಾನಿಲ್ಲೇ ಇರ್ತೀನಿ, ಹಸು, ಬೋರು ಎಲ್ಲಾ ನೋಡ್ಕೋತೀನಿ. ನೀನ್ ಓಗಮ್ಮ. ಅಲ್ಲಿ ಸಮುದ್ರ ಐತಲ್ಲ, ಅದರ ಒಂದ್ ಫೋಟೋ ಕಳ್ಸು ಸಾಕು" ಎಂದ.

"ಹೇಳಕ್ಕೇನಾಗಿತ್ತೆ ನಿಂಗೆ?" ಎಂದರು ಲಕ್ಷ್ಮಯ್ಯನವರು.

"ಕೇಳಕ್ಕೇನಾಗಿತ್ತು ನಿಮ್ಗೆ?" ಎಂದರು ಭಾಗ್ಯಮ್ಮನವರು.

ಆರತಿ ತಟ್ಟೆಯನ್ನು ಡೈರಿಯವರ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬ್ಯಾಗು ಎತ್ತಿಕೊಂಡು, ಬಲಗಾಲು ಮುಂದಿಟ್ಟು ಕೂತರು. ಐದನೆಯ ಹಂಪಿನ ಮುಂದೆ ಗಾಡಿ ನಿಲ್ಲಿಸಿ ಲಕ್ಷ್ಮಯ್ಯನವರು, "ಸ್ವಲ್ಪ ಇಳ್ಕೊ" ಎಂದಾಗ ಭಾಗ್ಯಮ್ಮನವರು ಬೆಲ್ಟನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡರು.

"ಮೂವತ್ತಾರು ವರ್ಷಕ್ಕೆ ಕೂತಿದೀನಿ. ಇಳಿಯಲ್ಲ. ಉಜ್ಜಿದ್ರೆ ಉಜ್ಜಲಿ."

ಉಜ್ಜಿತು. ಮಿಕ್ಕ ಏಳೂ ಹಂಪ್ಸಿನಲ್ಲಿ ಕರ್ರ್ ಎಂದು ಉಜ್ಜಿತು. ಪ್ರತಿ ಸಲವೂ ಲಕ್ಷ್ಮಯ್ಯನವರು ಹಲ್ಲು ಕಚ್ಚಿ ಕಣ್ಣು ಮುಚ್ಚಿದರು. ಭಾಗ್ಯಮ್ಮನವರು ಮಾತ್ರ ರಸ್ತೆ ನೋಡುತ್ತಿದ್ದರು.

ಅಬ್ಬಾ, ಆ ರಸ್ತೆ! ಎಲೆಕ್ಟ್ರಾನಿಕ್ ಸಿಟಿಯ ಹತ್ತಿರ ನೈಸ್ ರೋಡಿಗೆ ಹತ್ತಿದ ಮೇಲೆ ಅದು ಎದುರಿನಿಂದ ಓಡೋಡಿ ಬಂದು ಕಾಲ ಕೆಳಗೆ ಹೋಗತೊಡಗಿತು. "ರೋಡ್ ಮೇಲೆ ಚಾಪೆ ಹಾಕ್ಕೊಂಡು ಕೂತಂಗೈತಲ್ರೀ" ಎಂದು ಭಾಗ್ಯಮ್ಮನವರು ಬಾಯಿಬಿಟ್ಟು ನಕ್ಕರು. ಮಾದನಾಯಕನಹಳ್ಳಿಯ ಗೋಡೌನುಗಳ ಮುಂದೆ ಲಾರಿ ಚಾಲಕರು ಬಗ್ಗಿ ನೋಡಿದರು: ಅರಿಶಿನ ಬಣ್ಣದ ಸ್ಪೋರ್ಟ್ಸ್ ಕಾರಿನಲ್ಲಿ ಮೊಳ ಮಲ್ಲಿಗೆ ಮುಡಿದ ಹೆಂಗಸು, ಕೈಯಲ್ಲಿ ಸುಲಿದ ಕಿತ್ತಳೆ. ತುಮಕೂರು ದಾಟಿದ ಮೇಲೆ ಭಾಗ್ಯಮ್ಮನವರಿಗೆ ರಸ್ತೆಗಿಂತ ಪಕ್ಕದ ಮುಖ ನೋಡುವುದರಲ್ಲಿ ಮಜಾ ಹತ್ತಿತು. ಓಡಿಸುವಾಗ ಈ ಮನುಷ್ಯ ಇಷ್ಟೊಂದು ಮಾತಾಡುತ್ತಾನೆಂದು ಅವರಿಗೆ ಗೊತ್ತೇ ಇರಲಿಲ್ಲ. ಅಡ್ಡ ಬಂದ ಬೈಕಿನವನಿಗೆ "ಓಗಪ್ಪ ರಾಜ, ಓಗು" ಎನ್ನುತ್ತಾರೆ. ಲಾರಿ ಹಿಂದಿಕ್ಕುವ ಮೊದಲು ಮುನೇಶ್ವರನಿಗೆ ಒಂದು ಕೈ ಮುಗಿಯುತ್ತಾರೆ. ಎಂಥ ಅಂಜುಬುರುಕ! ಹಿಂದಿನಿಂದ ನೋಡಿದರೆ ಕಂಬದಂತೆ ಕಾಣುತ್ತಿದ್ದರಲ್ಲ!

ಇನ್ನೊಂದನ್ನೂ ಗಮನಿಸಿದರು. ಎರಡು ನಿಮಿಷಕ್ಕೊಮ್ಮೆ ಗಂಡನ ಕಣ್ಣು ಕನ್ನಡಿಗೆ ಹೋಗುತ್ತದೆ, ಹೋದದ್ದು ಪೆಚ್ಚಾಗಿ ವಾಪಸು ಬರುತ್ತದೆ. ಕನ್ನಡಿ ಎಂದಿನಂತೆ ಕೆಳಕ್ಕೆ ಬಾಗಿದೆ. ಬ್ಯಾಗಿನಿಂದ ತೆಗೆದು ಸೀಟಿನ ಹಿಂದಿನ ಗೇಣು ಜಾಗದಲ್ಲಿಟ್ಟ ನಿಪ್ಪಟ್ಟಿನ ಡಬ್ಬಿ ಬಿಟ್ಟರೆ ಅದರಲ್ಲಿ ಮತ್ತೇನೂ ಕಾಣುವುದಿಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುವುದು ಕಂಡಾಗ ಭಾಗ್ಯಮ್ಮನವರಿಗೆ ತಡೆಯಲಾಗಲಿಲ್ಲ.

"ಮೀಸೆ ಎಲ್ಲಿಗೂ ಹೋಗಿಲ್ಲ ಕಣ್ರೀ, ಅಲ್ಲೇ ಐತೆ."

"ಮೀಸೆ ಅಲ್ಲ ಕಣೆ."

"ಮತ್ತೆ?"

ಲಕ್ಷ್ಮಯ್ಯನವರು ಒಂದು ಲಾರಿ ದಾಟಿಸಿದರು. ಇನ್ನೊಂದು ದಾಟಿಸಿದರು. ಆಮೇಲೆ ಹೇಳಿದರು: "ನೀನಿದ್ಯೋ ಇಲ್ವೋ ಅಂತ."

"ಅಯ್ಯೋ ಶಿವನೇ! ಇಲ್ಲೇ ಪಕ್ಕದಾಗೆ ಕೂತಿದೀನಲ್ರೀ!"

"ಗೊತ್ತು. ಅಭ್ಯಾಸ ಹೋಗಲ್ಲ ನೋಡು. ಟ್ರ್ಯಾಕ್ಟರ್ ಕಾಲದಿಂದ ನಿನ್ನ ಕನ್ನಡೀಲೇ ನೋಡ್ಕಂಡು ಓಡ್ಸಿದೀನಿ. ಪಕ್ಕದಾಗೆ ಅಪ್ಪ ಇದ್ದ, ತಿರುಗಿ ನೋಡಂಗಿತ್ತಾ? ಆಮ್ಯಾಕೆ ಅವ್ವ ಇದ್ದಳು. ಕನ್ನಡಿ ಬಗ್ಗಿಸ್ಕಂಡ್ರೆ ಯಾರ್ ಕೇಳ್ತಾರೆ? ನೀನು ನಿದ್ದೆ ಹೋದ್ರೆ ನಿಧಾನ ಮಾಡ್ತಿದ್ದೆ. ಕಿಟಕಿ ಕಡೆ ನೋಡ್ಕಂಡು ಮುಖ ಸಪ್ಪಗೆ ಮಾಡ್ಕಂಡ್ರೆ ಟೀಗೆ ನಿಲ್ಲಿಸ್ತಿದ್ದೆ."

ಭಾಗ್ಯಮ್ಮನವರು ಕಿತ್ತಳೆಯ ತೊಳೆಯನ್ನು ಕೈಯಲ್ಲೇ ಹಿಡಿದು ಕೂತರು. ಕೇಳದೆಯೇ ಟೀ ಸಿಕ್ಕ ದಿನಗಳು ಒಂದೊಂದಾಗಿ ನೆನಪಾದವು. ಎಷ್ಟೊಂದು ಇದ್ದವು!

"ಮತ್ತೆ ಆ ಡೈರಿ ತೊಟ್ಟಿಗೆ ಗುದ್ದಿದ್ದು?"

"ಅವತ್ತು ನೀನು ಹಸಿರು ಸೀರೆ ಉಟ್ಟಿದ್ದೆ."

ಭಾಗ್ಯಮ್ಮನವರಿಗೆ ಅಳು ಬಂತು, ಅದಕ್ಕಿಂತ ಜೋರಾಗಿ ಸಿಟ್ಟು ಬಂತು. ಮೂವತ್ತಾರು ವರ್ಷ ಇವರು ನನ್ನ ಮುಖ ನೋಡಿಕೊಂಡು ಹೋದರು, ನಾನು ಮಾತ್ರ ಬೋಳುನೆತ್ತಿ ನೋಡಿಕೊಂಡು ಕೂತೆ! ಇದೆಂಥ ನ್ಯಾಯ? ಕಣ್ಣೊರೆಸಿಕೊಂಡು, "ನಿಲ್ಲಿಸ್ರೀ ಗಾಡಿ" ಎಂದರು. ಲಕ್ಷ್ಮಯ್ಯನವರು ಹೆದರಿ ರಸ್ತೆಯ ಅಂಚಿಗೆ ನಿಲ್ಲಿಸಿದರು. ಇಳಿದು ಬಸ್ಸು ಹತ್ತುತ್ತಾಳೇನೋ ಎಂದು ಅವರ ಭಯ.

"ಈಗ್ಲಾದ್ರೂ ತಿರುಗಿ ನೋಡಿ, ಅಪ್ಪನೂ ಇಲ್ಲ, ಅವ್ವನೂ ಇಲ್ಲ."

ಲಕ್ಷ್ಮಯ್ಯನವರು ತಿರುಗಿದರು. ಎರಡು ಕ್ಷಣ ನೋಡಿದರು. ಮೀಸೆಯ ತುದಿ ನಡುಗಿತು, ಕಣ್ಣು ಸೀದಾ ಸ್ಟೇರಿಂಗಿಗೆ ಇಳಿಯಿತು. "ಇಷ್ಟ್ ಹತ್ರದಿಂದ ನಾಚ್ಕೆ ಆಗ್ತದೆ ಕಣೆ" ಎಂದರು.

ಭಾಗ್ಯಮ್ಮನವರು ಕೈ ಎತ್ತಿ, ಕನ್ನಡಿಯನ್ನು ನಿಪ್ಪಟ್ಟಿನ ಡಬ್ಬಿಯಿಂದ ಬಿಡಿಸಿ, ತಮ್ಮ ಕಡೆಗೆ ತಿರುಗಿಸಿದರು. ಅದರಲ್ಲಿ ಗಂಡನ ಕಣ್ಣು ತಮಗೆ ಕಾಣುವವರೆಗೆ ಅತ್ತ ಒಂದಿಷ್ಟು, ಇತ್ತ ಒಂದಿಷ್ಟು ಸರಿಪಡಿಸಿದರು. "ಹೂಂ, ನಡೀರಿ ಇನ್ನ" ಎಂದರು. ಅಲ್ಲಿಂದ ದ್ವಾರಕೆ ಮುಟ್ಟುವವರೆಗೂ ಹಿಂದೆ ಬಂದ ಲಾರಿಯವರೆಲ್ಲ ಹಾರ್ನ್ ಹೊಡೆದೂ ಹೊಡೆದೂ ಸುಸ್ತಾದರು.